ನಾಲ್ಕಕ್ಕೆ ಮನೆಗೆ ಹೋಗೋ ಸ್ವೀಡನ್ ಬಗ್ಗೆ, ಅಲ್ಲಿಂದಲೇ ಒಂದು ಪತ್ರ

ಮಾನ್ಯ ಸಂಪಾದಕರೇ,

ಸ್ವೀಡನ್ನಲ್ಲಿ ಜನ ಸಂಜೆ ನಾಲ್ಕಕ್ಕೆಲ್ಲ ಕೆಲಸ ಮುಗಿಸಿ ಮನೆಗೆ ಹೋಗ್ತಾರೆ, ಜುಲೈ ತಿಂಗಳಿಡೀ ರಜಾ, ಬಾಸನ್ನ ಹೆಸರು ಹಿಡಿದೇ ಕರೀತಾರೆ, ದಿನಕ್ಕೆ ಎರಡು ಸಲ ಕಾಫಿ ಕುಡ್ಕೊಂಡು ಹರಟೆ ಹೊಡೀತಾರೆ ಅಂತೆಲ್ಲ ನಿಮ್ಮ ಪುರವಣಿಯಲ್ಲಿ ಬಂದ ಲೇಖನದ ಫೋಟೋನ ನಮ್ಮತ್ತೆ ವಾಟ್ಸಾಪಲ್ಲಿ ಕಳಿಸಿದ್ರು, ಕೆಳಗಡೆ "ಹಂಗಾದ್ರೆ ಕೆಲ್ಸ ಮಾಡೋದು ಯಾವಾಗಮ್ಮ?" ಅಂತ ಒಂದು ಪ್ರಶ್ನೆ. ಲೇಖನದಲ್ಲಿ ಇದ್ದದ್ದು ಯಾವ್ದೂ ಸುಳ್ಳಲ್ಲ. ಆದ್ರೆ ಪೂರ್ತಿ ಓದಿದ್ರೆ ಇಲ್ಲಿನವ್ರು ಹುಟ್ಟಾ ಸಮಾಧಾನಸ್ಥರು, ಇಲ್ಲಿನ ಕಂಪನಿಯವ್ರು ದೇವರಂಥ ಜನ, ಅದಕ್ಕೇ ಬೇಗ ಮನೆಗೆ ಬಿಡ್ತಾರೆ ಅನ್ನೋ ಭಾವನೆ ಬರುತ್ತೆ. ಬೆಂಗಳೂರಲ್ಲಿ ವರ್ಷಗಟ್ಟಲೆ ದುಡಿದು ಆಮೇಲೆ ಸ್ಟಾಕ್‌ಹೋಮಿಗೆ ಬಂದು ಇಲ್ಲಿನ ಆಫೀಸಿಗೆ ಒಗ್ಗಿಕೊಂಡಿರೋ ನನಗೆ ಅದನ್ನ ಒಪ್ಪೋಕೆ ಆಗ್ಲಿಲ್ಲ. ಅದನ್ನೇ ನಂಬ್ಕೊಂಡು ನಮ್ಮ ಹುಡುಗ್ರು ಬಂದ್ರೆ ಅವ್ರಿಗೆ ತೊಂದ್ರೆನೂ ಆಗುತ್ತೆ, ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗಬಹುದು, ಕತ್ತರಿ ಹಾಕೋದು ನಿಮಗೆ ಬಿಟ್ಟಿದ್ದು.

ಮೊದಲು ಆ ನಾಲ್ಕು ಗಂಟೆ ವಿಷಯ. ಇಲ್ಲಿನವ್ರು ಬೆಳಿಗ್ಗೆ ಏಳೂವರೆ ಎಂಟಕ್ಕೆಲ್ಲ ಸೀಟಲ್ಲಿ ಇರ್ತಾರೆ, ಹನ್ನೊಂದೂವರೆಗೆ ಊಟ, ನಮಗೆ ಅದು ಬೆಳಗಿನ ತಿಂಡಿನೇ ಇನ್ನೂ ಅರಗದ ಹೊತ್ತು, ಮನೆಯಿಂದ ತಂದ ಡಬ್ಬಿನ ಮೈಕ್ರೋವೇವ್ ಮುಂದೆ ಕ್ಯೂ ನಿಂತು ಬಿಸಿ ಮಾಡ್ಕೊಂಡು ಅರ್ಧ ಗಂಟೇಲಿ ಮುಗಿಸಿ ಬಂದು ಕೂತ್ಬಿಡ್ತಾರೆ. ಎರಡು ಗಂಟೆಗೆ ಮೀಟಿಂಗ್ ಅಂದ್ರೆ ಎರಡಕ್ಕೇ ಶುರು, ಎರಡೂ ಐದಕ್ಕೆ ಹೋದ್ರೆ ಯಾರೂ ಬೈಯಲ್ಲ, ಎಲ್ಲರೂ ಒಂದ್ಸಲ ತಿರುಗಿ ನೋಡ್ತಾರೆ, ಅಷ್ಟು ಸಾಕು. ಆ ಫಿಕಾ ಅನ್ನೋ ಕಾಫಿ ಬಿಡುವೂ ಗಡಿಯಾರ ನೋಡ್ಕೊಂಡೇ ನಡೆಯೋದು, ಹೋಗದೆ ಸೀಟಲ್ಲೇ ಕೂತಿದ್ರೆ ಪಾಪ ಎಷ್ಟು ಕಷ್ಟಪಡ್ತಾಳೆ ಅಂತ ಯಾರೂ ಹೊಗಳಲ್ಲ, ಇವಳಿಗೆ ನಮ್ಮ ಜೊತೆ ಸೇರೋಕೆ ಇಷ್ಟ ಇಲ್ವೇನೋ ಅನ್ಕೋತಾರೆ. ಟೀಮಿನ ಅರ್ಧ ಸುದ್ದಿ ಅಲ್ಲೇ ಸಿಗೋದು, ಯಾವ ಪ್ರಾಜೆಕ್ಟ್ ನಿಲ್ಲುತ್ತೆ, ಯಾರು ಬಿಡ್ತಿದಾರೆ ಎಲ್ಲ. ಸಂಜೆ ನಾಲ್ಕಾದ್ರೆ ಮ್ಯಾನೇಜರೇ ಮೊದಲು ಎದ್ದು, ಗಂಡಸು ಕಣ್ರೀ, ಮಗೂನ ಡೇಕೇರಿಂದ ಕರ್ಕೊಂಡು ಬರ್ಬೇಕು ಅಂತ ಎಲ್ಲರಿಗೂ ಕೇಳೋ ಹಾಗೆ ಹೇಳಿ ಹೊರಡ್ತಾನೆ. ಮನೇಲಿ ಅಜ್ಜಿ ತಾತ ಇಲ್ಲ, ಕೆಲಸದವ್ರು ಇಲ್ಲ, ಗಂಡ ಹೆಂಡ್ತಿ ಇಬ್ರೂ ದುಡಿಯೋರು, ಒಬ್ಬರಾದ್ರೂ ಹೋಗ್ಲೇಬೇಕು. ಡಿಸೆಂಬರಲ್ಲಿ ಸ್ಟಾಕ್‌ಹೋಮಲ್ಲಿ ಮೂರು ಗಂಟೆ ಒಳಗೇ ಸೂರ್ಯ ಮುಳುಗಿರ್ತಾನೆ, ನಾಲ್ಕಕ್ಕೆ ಆಚೆ ಬಂದ್ರೂ ಸೆಕೆಂಡ್ ಶಿಫ್ಟ್ ಮುಗಿಸಿ ಬಂದಂಗೆ ಇರುತ್ತೆ, ಅದು ಬೇರೆ ಕತೆ.

ಈಗ ಇದೆಲ್ಲ ಎಲ್ಲಿಂದ ಬಂತು ಅನ್ನೋದು. ನೂರು ವರ್ಷದ ಹಿಂದೆ ಸ್ವೀಡನ್ ಅಂದ್ರೆ ಯುರೋಪಲ್ಲೇ ಅತಿ ಹೆಚ್ಚು ಮುಷ್ಕರ, ಲಾಕೌಟ್ ನಡೀತಿದ್ದ ದೇಶಗಳಲ್ಲಿ ಒಂದು. 1909ರಲ್ಲಿ ದೇಶದ ತುಂಬಾ ಮುಷ್ಕರ ಆಗಿ ಕಾರ್ಮಿಕರು ಸೋತ್ರು. 1919ರಲ್ಲಿ ದಿನಕ್ಕೆ ಎಂಟು ಗಂಟೆ ಕೆಲಸ ಅನ್ನೋ ಕಾನೂನು ಬಂತು. 1931ರಲ್ಲಿ ಉತ್ತರದ ಓಡಲೆನ್ ಅನ್ನೋ ಕಡೆ ಮೆರವಣಿಗೆ ಮೇಲೆ ಮಿಲಿಟರಿಯವ್ರು ಗುಂಡು ಹಾರಿಸಿ ಐದು ಜನ ಸತ್ರು, ಇಂಥ ಶಾಂತ ದೇಶದಲ್ಲಿ ಅಂತ ನಮಗೆ ಆಶ್ಚರ್ಯ ಆಗುತ್ತೆ, ಇಲ್ಲಿನ ಹಳಬರಿಗೆ ಅದು ಚೆನ್ನಾಗಿ ನೆನಪಿರೋ ವಿಷಯ. 1938ರಲ್ಲಿ ಸ್ಟಾಕ್‌ಹೋಮ್ ಪಕ್ಕದ ಸಾಲ್ಟ್‌ಶೋಬಾಡೆನ್ ಅನ್ನೋ ಊರಿನ ಹೋಟೆಲಲ್ಲಿ ಮಾಲೀಕರ ಒಕ್ಕೂಟ ಮತ್ತೆ ಕಾರ್ಮಿಕರ ಒಕ್ಕೂಟ ಒಪ್ಪಂದಕ್ಕೆ ಸಹಿ ಹಾಕಿದ್ವು, ನಮ್ಮ ಜಗಳ ನಾವೇ ಕೂತು ಬಗೆಹರಿಸ್ಕೋತೀವಿ, ಸರ್ಕಾರ ಮಧ್ಯೆ ಬರೋದು ಬೇಡ ಅಂತ. ಅದೇ ವರ್ಷ ಎಲ್ಲರಿಗೂ ಎರಡು ವಾರ ಸಂಬಳದ ರಜೆ ಕಾನೂನಾಯ್ತು, 1951ರಲ್ಲಿ ಮೂರು ವಾರ, 1963ರಲ್ಲಿ ನಾಲ್ಕು, 1978ರಲ್ಲಿ ಐದು. ಈಗಿನ 25 ದಿನ ರಜೆ, ಅದರಲ್ಲಿ ಬೇಸಿಗೇಲಿ ಒಟ್ಟಿಗೇ ನಾಲ್ಕು ವಾರ ತಗೊಳ್ಳೋ ಹಕ್ಕು, ಇದೆಲ್ಲ ಹೀಗೆ ಒಂದೊಂದು ವಾರವಾಗಿ ಜಗ್ಗಾಡಿ ತಗೊಂಡಿದ್ದು, ಯಾರೋ ಒಳ್ಳೆ ಬಾಸ್ ಮನಸ್ಸು ಕರಗಿ ಕೊಟ್ಟಿದ್ದಲ್ಲ.

ಇನ್ನೂ ಒಂದು ಮಾತು ಹೇಳಿದ್ರೆ ಊರಲ್ಲಿ ಯಾರೂ ನಂಬಲ್ಲ, ಸ್ವೀಡನ್ನಲ್ಲಿ ಕನಿಷ್ಠ ವೇತನ ಅಂತ ಕಾನೂನೇ ಇಲ್ಲ. ಸಂಬಳ, ಓವರ್‌ಟೈಮ್, ಪೆನ್ಷನ್, ಇನ್ಶೂರೆನ್ಸ್ ಎಲ್ಲ ಯೂನಿಯನ್ನೂ ಮಾಲೀಕರೂ ಮಾಡ್ಕೊಂಡ ಸಾಮೂಹಿಕ ಒಪ್ಪಂದದ ಮೇಲೆ ನಿಂತಿದೆ. ಹತ್ತರಲ್ಲಿ ಸುಮಾರು ಒಂಬತ್ತು ಜನ ನೌಕರರು ಇಂಥ ಒಂದಲ್ಲ ಒಂದು ಒಪ್ಪಂದದ ಕೆಳಗೆ ಬರ್ತಾರೆ. ಯೂನಿಯನ್ ಅಂದ್ರೆ ಕೆಂಪು ಬಾವುಟ, ಗೇಟ್ ಮೀಟಿಂಗ್ ಅಷ್ಟೇ ಅನ್ಕೊಂಡು ಬರೋ ನಮ್ಮ ಸಾಫ್ಟ್‌ವೇರ್ ಹುಡುಗ್ರಿಗೆ ಇಲ್ಲಿ ಇಂಜಿನಿಯರುಗಳಿಗೇ ಬೇರೆ ಯೂನಿಯನ್ ಇದೆ, ಮ್ಯಾನೇಜರೂ ಅದರಲ್ಲಿ ಮೆಂಬರು ಅಂತ ಗೊತ್ತಾದಾಗ ಮುಖ ನೋಡ್ಬೇಕು. ಈ ಒಪ್ಪಂದನ ಇಲ್ಲಿನವ್ರು ಎಷ್ಟು ಗಟ್ಟಿಯಾಗಿ ಹಿಡ್ಕೊಂಡಿದಾರೆ ಅನ್ನೋಕೆ ಟೆಸ್ಲಾ ಗಲಾಟೆ ನೋಡಿ. ಟೆಸ್ಲಾ ಕಂಪನಿ ಒಪ್ಪಂದಕ್ಕೆ ಸಹಿ ಹಾಕಲ್ಲ ಅಂತು, 2023ರ ಅಕ್ಟೋಬರ್ 27ಕ್ಕೆ ಐಎಫ್ ಮೆಟಾಲ್ ಯೂನಿಯನ್ನಿನ ಮೆಕ್ಯಾನಿಕ್‌ಗಳು ಮುಷ್ಕರಕ್ಕೆ ಇಳಿದ್ರು, ಅವರ ಬೆಂಬಲಕ್ಕೆ ಬಂದರಿನವ್ರು ಟೆಸ್ಲಾ ಕಾರನ್ನ ಹಡಗಿಂದ ಇಳಿಸಲ್ಲ ಅಂದ್ರು, ಪೋಸ್ಟಿನವ್ರು ನಂಬರ್ ಪ್ಲೇಟ್ ತಲುಪಿಸಲ್ಲ ಅಂದ್ರು, ಎಲೆಕ್ಟ್ರಿಷಿಯನ್ನರು ಚಾರ್ಜಿಂಗ್ ಸ್ಟೇಷನ್ ರಿಪೇರಿ ಮಾಡಲ್ಲ ಅಂದ್ರು. ಎರಡು ವರ್ಷ ದಾಟಿದ್ರೂ ಮುಷ್ಕರ ಮುಗೀಲಿಲ್ಲ. ಲೋಕದಲ್ಲೇ ದೊಡ್ಡ ಸಾಹುಕಾರನ ಕಂಪನಿ ಎದುರು ಕೆಲವೇ ಮೆಕ್ಯಾನಿಕ್‌ಗಳು ಅಷ್ಟು ದಿನ ನಿಂತಿದ್ದು ಮುಷ್ಕರದ ನಿಧಿಯಿಂದ ಯೂನಿಯನ್ ಅವರಿಗೆ ದುಡ್ಡು ಕೊಡ್ತಾ ಇದ್ದದ್ದಕ್ಕೆ.

ಇನ್ನು ನಮ್ಮವ್ರು ಎಡವೋದು ಎಲ್ಲಿ ಅಂದ್ರೆ ಮೀಟಿಂಗಲ್ಲಿ. ಇದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಬೆಂಗಳೂರಲ್ಲಿ ಮ್ಯಾನೇಜರ್ ಹೇಳಿದ್ದನ್ನ ಬರ್ಕೊಂಡು ಬಂದು ರಾತ್ರಿ ಕೂತಾದ್ರೂ ಮುಗಿಸೋನೇ ಒಳ್ಳೆ ಕೆಲಸಗಾರ. ಇಲ್ಲಿ ಮ್ಯಾನೇಜರ್ ಏನನ್ನೂ ಹೇಳೋದೇ ಇಲ್ಲ! ಒಂದು ಸಮಸ್ಯೆ ಮುಂದಿಟ್ಟು, ನಿಮಗೇನನ್ಸುತ್ತೆ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಹೋಗ್ತಾನೆ. ನಿನ್ನೆ ಮೊನ್ನೆ ಸೇರಿದ ಹುಡುಗಿ, ನಂಗೆ ಇದು ಸರಿ ಕಾಣಲ್ಲ ಅಂತ ಸಲೀಸಾಗಿ ಹೇಳ್ತಾಳೆ, ಅವನು ಹೌದಾ ಅಂತ ಬರ್ಕೋತಾನೆ. ನಮ್ಮವನ ಸರದಿ ಬಂದಾಗ ನಮ್ಮವನು, ನೀವು ಹೇಳಿದಂಗೆ ಮಾಡೋಣ ಅಂತಾನೆ. ಅವನ ಲೆಕ್ಕದಲ್ಲಿ ಅದು ಮರ್ಯಾದೆ, ಇವರ ಲೆಕ್ಕದಲ್ಲಿ ಈ ಮನುಷ್ಯ ಯೋಚನೆ ಮಾಡಿ ಬಂದಿಲ್ಲ. ಆ ದಿನ ತೀರ್ಮಾನನೂ ಆಗಲ್ಲ, ಇನ್ನೊಂದು ಮೀಟಿಂಗ್, ಅದಾದ್ಮೇಲೆ ಮತ್ತೊಂದು, ಪಕ್ಕದ ಟೀಮನ್ನೂ ಕೇಳ್ಬೇಕು, ಬೆಂಗಳೂರಲ್ಲಿ ಒಂದು ಫೋನಲ್ಲಿ ಮುಗಿಯೋ ವಿಷಯಕ್ಕೆ ಇಲ್ಲಿ ಮೂರು ವಾರ, ನಮಗಂತೂ ತಲೆ ಕೆಟ್ಟುಹೋಗುತ್ತೆ. ಆದ್ರೆ ಒಂದ್ಸಲ ಎಲ್ಲರೂ ಹೂಂ ಅಂದ್ಮೇಲೆ ಯಾರೂ ಹಿಂದೆ ಹೋಗಲ್ಲ, ಮೇಲಿನವನು ಬಂದು ಕೊನೆ ಗಳಿಗೇಲಿ ಎಲ್ಲ ತಲೆಕೆಳಗೆ ಮಾಡೋದು ಅಪರೂಪ. ಶನಿವಾರ ಭಾನುವಾರ ಕೂತು ಕೆಲಸ ಮಾಡೋ ಪ್ರಸಂಗ ಕಮ್ಮಿ ಆಗಿರೋದಕ್ಕೆ ಇದೂ ಒಂದು ಕಾರಣ ಅಂತ ನನಗನ್ಸುತ್ತೆ.

ಇದಕ್ಕೆ ಅಂಟಿಕೊಂಡಿರೋ ಇನ್ನೊಂದು ಕಷ್ಟ, ಇಲ್ಲಿ ಬೈಯೋರಿಲ್ಲ. ಕೆಲಸ ಚೆನ್ನಾಗಿಲ್ಲ ಅಂದ್ರೆ, ಇದನ್ನ ಬೇರೆ ಥರ ನೋಡಬಹುದಾ ಅಂತ ಮೆತ್ತಗೆ ಕೇಳ್ತಾರೆ, ನಾವು ಅದನ್ನ ಸಲಹೆ ಅನ್ಕೊಂಡು ಸುಮ್ಮನಾಗ್ತೀವಿ, ಅವರು ಮಾತ್ರ ಹೇಳಿ ಆಯ್ತು ಅನ್ಕೊಂಡಿರ್ತಾರೆ. ಹೊಸಬರಿಗೆ ಆರು ತಿಂಗಳವರೆಗೆ ಪ್ರೊಬೇಷನ್ ಇರಬಹುದು, ಆ ಅವಧೀಲಿ ಕೆಲಸ ಕಾಯಂ ಮಾಡದೆ ಬಿಡೋಕೆ ದೊಡ್ಡ ಕಾರಣ ಕೊಡಬೇಕಾಗಿಲ್ಲ. ಚೆನ್ನಾಗೇ ನಡೀತಿದೆ ಅನ್ಕೊಂಡಿದ್ದವ್ರಿಗೆ ಐದನೇ ತಿಂಗಳಲ್ಲಿ ಚೀಟಿ ಬಂದಿದ್ದನ್ನ ನಾನೇ ನೋಡಿದೀನಿ. ಆದ್ರಿಂದ ತಿಂಗಳಿಗೊಂದ್ಸಲನಾದ್ರೂ ಮ್ಯಾನೇಜರ್ ಜೊತೆ ಕೂತು, ನನ್ನ ಕೆಲಸದಲ್ಲಿ ಏನು ಬದಲಾಗ್ಬೇಕು, ಒಂದೇ ಒಂದು ಹೇಳಿ ಅಂತ ನೇರವಾಗಿ ಕೇಳಬೇಕು. ನೇರವಾಗಿ ಕೇಳಿದ್ರೆ ನೇರವಾಗೇ ಹೇಳ್ತಾರೆ. ಇನ್ನು ಸರ್, ಮೇಡಂ ಅನ್ನೋದನ್ನ ವಿಮಾನದಲ್ಲೇ ಬಿಟ್ಟು ಬರೋದು ಒಳ್ಳೇದು, ಪಾಪ ಅವರಿಗೇ ಮುಜುಗರ ಆಗುತ್ತೆ.

ಹೈಕ್, ಅಂದ್ರೆ ಸಂಬಳ ಏರಿಕೆ ವಿಷಯದಲ್ಲಂತೂ ನಮ್ಮವ್ರ ಸಂಕಟ ಹೇಳತೀರದು. ಕಂಪನಿ ಬಿಟ್ಟು ಕಂಪನಿ ಹಾರಿದ್ರೆ ಮೂವತ್ತು ಪರ್ಸೆಂಟ್ ಸಿಗೋ ಊರಿಂದ ಬಂದವ್ರು ನಾವು. ಇಲ್ಲಿ ಮೊದಲು ರಫ್ತು ಕೈಗಾರಿಕೆಗಳ ಯೂನಿಯನ್ನೂ ಮಾಲೀಕರೂ ಕೂತು ಒಂದು ಪರ್ಸೆಂಟ್ ನಿಗದಿ ಮಾಡ್ತಾರೆ, ಉಳಿದ ಕ್ಷೇತ್ರದವ್ರು ಹೆಚ್ಚೂ ಕಮ್ಮಿ ಅದನ್ನೇ ಅಳತೆಗೋಲು ಮಾಡ್ಕೋತಾರೆ, 1997ರಿಂದ ನಡೆದು ಬಂದಿರೋ ಪದ್ಧತಿ. 2023ರಲ್ಲಿ ಎರಡು ವರ್ಷಕ್ಕೆ ಸೇರಿ 7.4 ಪರ್ಸೆಂಟ್, 2025ರಲ್ಲಿ ಮತ್ತೆ ಎರಡು ವರ್ಷಕ್ಕೆ 6.4. ಕಣ್ಣು ತಪ್ಪಿ ಓದಿಲ್ಲ, ಎರಡು ವರ್ಷಕ್ಕೇ. ನೀನು ಎಷ್ಟೇ ಹಗಲೂ ರಾತ್ರಿ ದುಡಿದ್ರೂ ಇದರ ಆಸುಪಾಸಲ್ಲೇ ಸಿಗೋದು, ಹಾಗಾಗಿ ರಾತ್ರಿ ಹತ್ತರವರೆಗೆ ಕೂತು ಮೇಲ್ ಹಾಕಿ ಬಾಸಿಗೆ ತೋರ್ಸೋದ್ರಲ್ಲಿ ಏನೂ ಲಾಭ ಇಲ್ಲ. ಅದಿರ್ಲಿ, ನಿಜವಾಗ್ಲೂ ಏನಾದ್ರೂ ಬೇಕಂದ್ರೆ ವರ್ಷಕ್ಕೊಂದ್ಸಲ ನಡೆಯೋ ಸಂಬಳದ ಮಾತುಕತೆಗೆ ಲೆಕ್ಕಾಚಾರ ಮಾಡ್ಕೊಂಡು ಹೋಗ್ಬೇಕು, ಇದೇ ಕೆಲಸಕ್ಕೆ, ಇಷ್ಟೇ ಅನುಭವಕ್ಕೆ ಬೇರೆಯವ್ರಿಗೆ ಎಷ್ಟು ಅನ್ನೋ ಅಂಕಿ ಅಂಶ ಯೂನಿಯನ್ ತನ್ನ ಸದಸ್ಯರಿಗೆ ಕೊಡುತ್ತೆ. ಅದೂ ಸಾಲ್ದು ಅಂದ್ರೆ ಇಲ್ಲಿ ಯಾರ ಆದಾಯ ಎಷ್ಟು ಅಂತ ತೆರಿಗೆ ಇಲಾಖೆಗೆ ಫೋನ್ ಮಾಡಿ ಕೇಳ್ಬಹುದು, ಸರ್ಕಾರಿ ಕಡತ ಜನಕ್ಕೆ ತೆರೆದಿರ್ಬೇಕು ಅನ್ನೋದು 1766ರಿಂದ ಇರೋ ಕಾನೂನು. ಅಕ್ಕಪಕ್ಕದವ್ರ ಸಂಬಳ ತಿಳ್ಕೊಳ್ಳೋಕೆ ನಮ್ಮೂರಲ್ಲಿ ಎಷ್ಟು ಸರ್ಕಸ್ ಮಾಡ್ತೀವಿ, ಇಲ್ಲಿ ಒಂದು ಫೋನು.

ಮಕ್ಕಳಿಗೆ ಜ್ವರ ಬಂದ್ರೆ ಮನೇಲಿ ಉಳ್ಕೊಳ್ಳೋದು, ಅಪ್ಪಂದ್ರು ತಿಂಗಳುಗಟ್ಟಲೆ ಪೇರೆಂಟಲ್ ಲೀವ್ ತಗೊಳ್ಳೋದು, ಇದ್ರ ಬಗ್ಗೆ ನಿಮ್ಮ ಲೇಖನದಲ್ಲೇ ಬಂದಿತ್ತು, ಮತ್ತೆ ಹೇಳಲ್ಲ. ಒಂದು ಮಗುವಿಗೆ ಅಪ್ಪ ಅಮ್ಮ ಇಬ್ರಿಗೂ ಸೇರಿ ಸಿಗೋ 480 ದಿನದ ರಜೇಲಿ 90 ದಿನ ಅಪ್ಪನಿಗೇ ಮೀಸಲು, ಅವನು ತಗೊಳ್ಳದಿದ್ರೆ ಆ ದಿನಗಳು ಹೋದ್ವು ಅಂತಲೇ ಲೆಕ್ಕ, ಆ ಷರತ್ತು ಇರೋದಕ್ಕೇ ಗಂಡಸರು ತಗೋತಾರೆ ಅನ್ನೋದೊಂದು ಸೇರಿಸ್ತೀನಿ ಅಷ್ಟೆ.

ಈಗ ಯಾರೂ ಬರೆಯದ ವಿಷಯಕ್ಕೆ ಬರ್ತೀನಿ. ಇದೇ ಆಫೀಸಲ್ಲಿ, ಇದೇ ಫ್ಲೋರಲ್ಲಿ, ಇದೇ ಕಾಫಿ ಮೆಷಿನ್ ಹತ್ರ ನಮ್ಮ ದೇಶದ ಸರ್ವಿಸ್ ಕಂಪನಿಗಳಿಂದ ಆನ್‌ಸೈಟ್ ಬಂದ ಹುಡುಗ್ರು ಹುಡುಗೀರು ಇರ್ತಾರೆ, ಅವ್ರಲ್ಲಿ ಕನ್ನಡದವ್ರೂ ತುಂಬಾ ಜನ. ಅವ್ರ ಕೆಲಸದ ಒಪ್ಪಂದ ಊರಿನ ಕಂಪನಿ ಜೊತೆ, ಮ್ಯಾನೇಜರ್ ಬೆಂಗಳೂರಲ್ಲೋ ಪುಣೆಯಲ್ಲೋ ಇರ್ತಾನೆ. ಚಳಿಗಾಲದಲ್ಲಿ ಊರು ನಮಗಿಂತ ನಾಲ್ಕೂವರೆ ಗಂಟೆ ಮುಂದೆ, ಬೇಸಿಗೇಲಿ ಮೂರೂವರೆ. ಅಲ್ಲಿ ಹತ್ತೂವರೆಗೆ ಸ್ಟೇಟಸ್ ಕಾಲ್ ಅಂದ್ರೆ ಇಲ್ಲಿ ಬೆಳಿಗ್ಗೆ ಆರು, ಹೊರಗೆ ಕತ್ತಲು, ಮೈನಸ್ ಹತ್ತು ಡಿಗ್ರಿ. ಕಾಲ್ ಮುಗಿಸಿ ಆಫೀಸಿಗೆ ಬಂದು ಸ್ವೀಡನ್ನಿನ ಪೂರ್ತಿ ದಿನ ದುಡಿದು, ನಾಲ್ಕಕ್ಕೆ ಕ್ಲೈಂಟ್ ಎದ್ದು ಹೋದ್ಮೇಲೆ ಆಫ್‌ಶೋರ್‌ಗೆ (ಊರಲ್ಲಿರೋ ಟೀಮಿಗೆ) ನಾಳೆಯ ಕೆಲಸ ಬರೆದು ಕಳಿಸಿ ಮನೆಗೆ ಹೋಗೋದು. ಕೆಲಸದ ಅವಧಿಯ ಕಾನೂನು, ವಾರಕ್ಕೆ ನಲವತ್ತು ಗಂಟೆ, ದಿನಕ್ಕೆ ಹನ್ನೊಂದು ಗಂಟೆ ಎಡೆಬಿಡದ ವಿಶ್ರಾಂತಿ ಇದೆಲ್ಲ, ಸ್ವೀಡನ್ ನೆಲದ ಮೇಲೆ ಕೆಲಸ ಮಾಡೋ ಇವರಿಗೂ ಅನ್ವಯ ಆಗ್ಬೇಕು, ಆದ್ರೆ ಕೇಳೋರು ಯಾರು? ಕೇಳಿದ್ರೆ ಮುಂದಿನ ಫ್ಲೈಟಿಗೆ ವಾಪಸ್ ಕರೆಸ್ತಾರೆ ಅನ್ನೋ ಭಯ. ಪಕ್ಕದ ಸೀಟಿನ ಸ್ವೀಡಿಷ್ ಹೆಂಗಸಿಗೆ ಈ ಆರು ಗಂಟೆ ಕಾಲ್ ಇರೋದೇ ಗೊತ್ತಿರಲ್ಲ.

ಇನ್ನೂ ಕಹಿ ಮಾತು ಹೇಳ್ಬೇಕಂದ್ರೆ, ಜುಲೈಲಿ ಇಲ್ಲಿನ ಆಫೀಸು ಖಾಲಿ ಹೊಡೀತಾ ಇರುವಾಗ ಸಿಸ್ಟಮ್ ಬೀಳದ ಹಾಗೆ ನೋಡ್ಕೊಳ್ಳೋರು ಯಾರು ಅಂತ ಯೋಚಿಸಿ. ಎಷ್ಟೋ ಕಡೆ ವೈಟ್‌ಫೀಲ್ಡಲ್ಲೋ ಎಲೆಕ್ಟ್ರಾನಿಕ್ ಸಿಟೀಲೋ ರಾತ್ರಿ ಕೂತಿರೋ ಸಪೋರ್ಟ್ ಟೀಮು. ಇಲ್ಲಿ ಮಧ್ಯಾಹ್ನ ಮೂರಕ್ಕೆ, ನಾಳೆಗೆ ಸಿಗುತ್ತಾ ಅಂತ ಒಂದು ಮೇಲ್ ಹೋದ್ರೆ ಅಲ್ಲಿ ಆಗ್ಲೇ ಸಂಜೆ ಆರೂವರೆ ಆಗಿರುತ್ತೆ, ಕ್ಲೈಂಟ್ ಕೇಳಿದ್ದಾರೆ ಅಂತ ಅವರು ಮನೆಗೆ ಹೋಗಲ್ಲ. ಕಳಿಸಿದವನಿಗೆ ಅಂಥ ಅರ್ಜೆಂಟೇ ಇರಲಿಲ್ಲ, ನಾಡಿದ್ದು ಕೊಡ್ತೀವಿ ಅಂತ ಅಲ್ಲಿಂದ ಒಬ್ಬರಾದ್ರೂ ಬರೆದಿದ್ರೆ ಅವನು ಒಪ್ಪಿರ್ತಿದ್ದ. ಇದನ್ನ ನನ್ನ ಟೀಮಲ್ಲಿ ನಾನು ಬಾಯಿ ಬಿಟ್ಟು ಹೇಳಿದಾಗ ಇಲ್ಲಿನವ್ರಿಗೆ ನಿಜಕ್ಕೂ ಬೇಜಾರಾಯ್ತು, ಮಧ್ಯಾಹ್ನದ ಮೇಲೆ ಬೆಂಗಳೂರಿಗೆ ಕಳಿಸೋ ಮೇಲಲ್ಲಿ ಯಾವತ್ತು ಬೇಕು ಅಂತ ತಾರೀಕು ಹಾಕೋ ರೂಢಿ ಆಯ್ತು. ಅಷ್ಟರಮಟ್ಟಿಗೆ ಒಳ್ಳೆ ಜನಾನೇ.

ಸರಿ, ಆನ್‌ಸೈಟ್ ಅಲ್ಲ, ಇಲ್ಲಿನ ಕಂಪನೀಲೇ ನೇರವಾಗಿ ಕೆಲಸ ಸಿಕ್ತು ಅಂತಿಟ್ಕೊಳ್ಳಿ. ಆಗ್ಲೂ ಹೊಸಬರ ನೆಲ ಅಷ್ಟು ಗಟ್ಟಿ ಅಲ್ಲ. ಕೆಲಸ ಕಮ್ಮಿ ಆದಾಗ ಯಾರನ್ನ ಮೊದಲು ತೆಗೀಬೇಕು ಅನ್ನೋಕೆ ಇಲ್ಲಿ ಕಾನೂನು ಇದೆ, ಸ್ಥೂಲವಾಗಿ ಹೇಳೋದಾದ್ರೆ ಕೊನೇಲಿ ಬಂದವ್ರು ಮೊದಲು ಹೋಗ್ಬೇಕು. ಹಳಬರಿಗೆ ಅದು ರಕ್ಷಣೆ, ನಿನ್ನೆ ಸೂಟ್‌ಕೇಸ್ ಹಿಡ್ಕೊಂಡು ಬಂದ ನಮಗೆ ಅದೇ ಕತ್ತಿ. ಟೆಲಿಕಾಂ ಕಂಪನಿ ಎರಿಕ್ಸನ್ 2023ರಲ್ಲಿ ಸ್ವೀಡನ್ ಒಂದರಲ್ಲೇ 1400 ಹುದ್ದೆ, 2024ರಲ್ಲಿ ಮತ್ತೆ 1200ರಷ್ಟು ಹುದ್ದೆ ಕಮ್ಮಿ ಮಾಡ್ತೀವಿ ಅಂದಾಗ ಇಲ್ಲಿ ಐಟಿ ಕಂಪನಿಗಳು ತುಂಬಿರೋ ಕಿಸ್ತಾ ಬಡಾವಣೆ ಸುತ್ತಮುತ್ತ ಇರೋ ನಮ್ಮ ಜನರ ವಾಟ್ಸಾಪ್ ಗ್ರೂಪುಗಳಲ್ಲಿ ಬೇರೆ ಮಾತೇ ಇರಲಿಲ್ಲ. ನಿಜ, ಬೆಳಿಗ್ಗೆ ಲಾಗಿನ್ ಆಗೋಕೆ ಹೋದ್ರೆ ಲ್ಯಾಪ್‌ಟಾಪ್ ಲಾಕ್ ಆಗಿರೋ ಥರದ ಲೇಆಫ್ ಅಲ್ಲ ಇದು, ಮೊದಲೇ ಯೂನಿಯನ್ ಜೊತೆ ಕೂತು ಮಾತಾಡ್ಬೇಕು, ನೋಟಿಸ್ ಪೀರಿಯಡ್ ಸಂಬಳ ಕೊಡ್ಬೇಕು, ಒಪ್ಪಂದ ಇರೋ ಕಂಪನಿ ಆದ್ರೆ ಇನ್ನೊಂದು ಕೆಲಸ ಹುಡುಕ್ಕೊಳ್ಳೋಕೆ ಸಹಾಯ ಮಾಡೋ ಸಂಸ್ಥೆನೂ ಇದೆ. ಆದ್ರೆ ಸ್ವೀಡಿಷ್ ಪ್ರಜೆಗೆ ಕೆಲಸ ಹೋದ್ರೆ ಕೆಲಸ ಮಾತ್ರ ಹೋಗುತ್ತೆ, ವರ್ಕ್ ಪರ್ಮಿಟ್ ಮೇಲೆ ಇರೋ ನಮಗೆ ಸಾಮಾನ್ಯವಾಗಿ ಮೂರು ತಿಂಗಳೊಳಗೆ ಇನ್ನೊಂದು ಸಿಗ್ಲಿಲ್ಲ ಅಂದ್ರೆ ದೇಶಾನೇ ಬಿಡ್ಬೇಕು, ಮಕ್ಕಳ ಸ್ಕೂಲು ಮಧ್ಯದಲ್ಲಿ ಇದ್ರೂ ಸೈ. ಪರ್ಮಿಟ್‌ಗೆ ಬೇಕಾದ ಸಂಬಳದ ಮಿತಿನೂ ಏರ್ತಾ ಇದೆ, ತಿಂಗಳಿಗೆ 13,000 ಕ್ರೋನರ್ ಇದ್ದದ್ದನ್ನ 2023ರ ನವೆಂಬರಲ್ಲಿ ಒಂದೇ ಏಟಿಗೆ 27,360 ಮಾಡಿದ್ರು, ದೇಶದ ಮಧ್ಯಮ ಸಂಬಳದ 80 ಪರ್ಸೆಂಟ್ ಅಂತ ಆಗಿನ ಲೆಕ್ಕ. ಐಟಿಯವ್ರಿಗೆ ಅದು ದೊಡ್ಡದಲ್ಲ, ಹೋಟೆಲ್ ಅಡುಗೆಮನೇಲಿ ದುಡಿಯೋರಿಗೆ ದೊಡ್ಡದು.

ಇನ್ಶೂರೆನ್ಸ್ ವಿಷಯ ಇನ್ನೂ ವಿಚಿತ್ರ. ಪರ್ಮಿಟ್ ಮೇಲೆ ಬಂದವ್ರಿಗೆ ಕಂಪನಿ ಕೆಲವು ವಿಮೆ, ಪೆನ್ಷನ್ ಮಾಡಿಸ್ಲೇಬೇಕು. ಕಂಪನಿಯವ್ರು ಒಂದನ್ನ ಕೆಲವು ತಿಂಗಳು ತಡ ಮಾಡಿದ್ರು ಅನ್ನೋ ಕಾರಣಕ್ಕೆ ನೌಕರನ ಪರ್ಮಿಟ್ ನವೀಕರಣ ತಿರಸ್ಕಾರ ಆಗಿ, ಒಳ್ಳೊಳ್ಳೆ ಇಂಜಿನಿಯರುಗಳು ಗಂಟು ಮೂಟೆ ಕಟ್ಟಿದ ಪ್ರಕರಣಗಳು ಇಲ್ಲಿನ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿ ಆಗಿದ್ವು. 2017ರ ಕೊನೇಲಿ ಮೇಲಿನ ಕೋರ್ಟು, ಸಣ್ಣ ತಪ್ಪಿಗೆಲ್ಲ ಹಾಗೆ ಮಾಡ್ಬೇಡಿ, ಒಟ್ಟಾರೆ ನೋಡಿ ಅಂದ್ಮೇಲೆ ಸ್ವಲ್ಪ ಸುಧಾರಿಸ್ತು. ಸಾಮೂಹಿಕ ಒಪ್ಪಂದ ಇರೋ ಕಂಪನಿ ಆದ್ರೆ ಇದೆಲ್ಲ ತಾನಾಗೇ ಬರುತ್ತೆ. ಒಪ್ಪಂದ ಇಲ್ಲದ ಸಣ್ಣ ಕನ್ಸಲ್ಟೆನ್ಸಿಗಳು, ಅದ್ರಲ್ಲೂ ನಮ್ಮವ್ರೇ ನಡೆಸೋ ಕೆಲವು, ಅಲ್ಲಿ ಹುಷಾರಾಗಿರಿ ಅಂತ ಮಾತ್ರ ಹೇಳ್ತೀನಿ.

ಇಲ್ಲಿ ಎಲ್ಲ ಸುಖ ಅಂತಲೂ ಅಲ್ಲ. ಕೆಲಸದ ಒತ್ತಡದಿಂದ ಬಸವಳಿದು ತಿಂಗಳುಗಟ್ಟಲೆ ಸಿಕ್ ಲೀವ್ ಹಾಕೋರು ಬೇಕಾದಷ್ಟು ಜನ, ಆ ಕಾಯಿಲೆಗೆ ಅಂತ ಇಲ್ಲಿನ ಆರೋಗ್ಯ ಇಲಾಖೆ 2005ರಲ್ಲೇ ಬೇರೆ ಹೆಸರು, ಬೇರೆ ಕೋಡ್ ಕೊಟ್ಟಿದೆ. ಮೀಟಿಂಗ್ ಇಂಗ್ಲಿಷಲ್ಲಿ ನಡೆದ್ರೂ ಊಟದ ಟೇಬಲ್ ಮಾತು ಸ್ವೀಡಿಷಲ್ಲೇ, ಸರ್ಕಾರ ಪುಕ್ಕಟೆ ಕ್ಲಾಸ್ ನಡೆಸುತ್ತೆ, ಹೋಗಿ ಕಲಿತವ್ರಿಗೂ ಕಲೀದವ್ರಿಗೂ ವ್ಯತ್ಯಾಸ ಕಣ್ಣಿಗೆ ಕಾಣುತ್ತೆ. ವರ್ಷಗಟ್ಟಲೆ ಪಕ್ಕದಲ್ಲಿ ಕೂತವ್ರೂ ಮನೆಗೆ ಕರೆಯಲ್ಲ, ಮೊದಮೊದಲು ಅದಕ್ಕೆ ಬೇಜಾರಾಗ್ತಿತ್ತು, ಈಗ ನಾನೇ ಕರೀತೀನಿ, ಬಿಸಿಬೇಳೆಬಾತ್ ಅಂದ್ರೆ ಎಲ್ಲರೂ ಬರ್ತಾರೆ, ಅದೂ ಹೇಳಿದ ಟೈಮಿಗೆ ಸರಿಯಾಗಿ, ಒಗ್ಗರಣೆ ಹಾಕೋಕೆ ಮೊದಲೇ.

ಊರಲ್ಲಿ ವಾರಕ್ಕೆ 70 ಗಂಟೆ ದುಡೀಬೇಕು ಅಂತ ಇನ್ಫೋಸಿಸ್ ನಾರಾಯಣಮೂರ್ತಿಯವ್ರು 2023ರಲ್ಲಿ ಹೇಳಿದಾಗ ನಿಮ್ಮ ಪತ್ರಿಕೆ ಪುಟಗಟ್ಟಲೆ ಚರ್ಚೆ ಹಾಕ್ತು, ಹೌದು ಅನ್ನೋರು, ಅಲ್ಲ ಅನ್ನೋರು, ಸ್ವೀಡನ್ ನೋಡಿ ಕಲೀರಿ ಅನ್ನೋರೂ ಇದ್ರು. ಮಾರನೇ ವರ್ಷ ಜುಲೈಲಿ ಕರ್ನಾಟಕದಲ್ಲಿ ಐಟಿ ಕೆಲಸದ ಅವಧಿನ ದಿನಕ್ಕೆ 14 ಗಂಟೆವರೆಗೂ ಏರಿಸೋಕೆ ದಾರಿ ಮಾಡೋ ಪ್ರಸ್ತಾಪ ಬಂತು, ಅದನ್ನ ವಿರೋಧಿಸಿ ಬೀದಿಗೆ ಇಳಿದಿದ್ದು ಐಟಿ ನೌಕರರ ಯೂನಿಯನ್. ಅವರು ಯಾರು, ಎಷ್ಟು ಜನ ಇದಾರೆ, ಸೇರೋಕೆ ಹುಡುಗ್ರು ಯಾಕೆ ಹೆದರ್ತಾರೆ ಅಂತ ಒಂದು ಲೇಖನ ಆಗ ನನ್ನ ಕಣ್ಣಿಗೆ ಬೀಳ್ಲಿಲ್ಲ. ನಿಮ್ಮ ವರದಿಗಾರರು ಒಬ್ಬರು ಅದನ್ನ ಬರೆದ್ರೆ ಸ್ವೀಡನ್ನಿನ ಕಾಫಿ ಬಿಡುವಿನ ಬಗ್ಗೆ ಇನ್ನೂ ಹತ್ತು ಲೇಖನಕ್ಕಿಂತ ನಮಗೆ ಉಪಯೋಗ ಅಂತ ನನ್ನ ಅಭಿಪ್ರಾಯ.

ಮತ್ತೆ ಇಲ್ಲಿಗೆ ಹೊರಟು ನಿಂತಿರೋ ಓದುಗರು ಯಾರಾದ್ರೂ ಇದ್ರೆ, ಆಫರ್ ಲೆಟರ್ ಬಂದ ತಕ್ಷಣ ಜಾಕೆಟ್ ಶಾಪಿಂಗಿಗೆ ಹೋಗೋ ಮೊದಲು ಕಂಪನಿಗೆ ಒಂದು ಮೇಲ್ ಹಾಕಿ, ನಿಮ್ಮಲ್ಲಿ ಸಾಮೂಹಿಕ ಒಪ್ಪಂದ ಇದ್ಯಾ, ಯಾವ ಯೂನಿಯನ್ ಜೊತೆ, ಓವರ್‌ಟೈಮಿಗೆ ದುಡ್ಡಾ ಅಥವಾ ಅದರ ಬದಲು ಹೆಚ್ಚು ರಜೆನಾ, ಯಾವ್ಯಾವ ವಿಮೆ ಯಾವತ್ತಿಂದ ಶುರು ಅಂತ ಕೇಳಿ. ಬಂದ್ಮೇಲೆ ಯೂನಿಯನ್‌ಗೂ, ಎ-ಕಸ್ಸಾ ಅನ್ನೋ ನಿರುದ್ಯೋಗ ವಿಮೆಗೂ ಮೊದಲ ಸಂಬಳದಲ್ಲೇ ಸೇರ್ಕೊಳ್ಳಿ, ಎರಡೂ ಬೇರೆ ಬೇರೆ, ಎರಡೂ ತಾನಾಗಿ ಬರಲ್ಲ, ಕೆಲಸ ಹೋಗೋ ಸುದ್ದಿ ಬಂದ್ಮೇಲೆ ಸೇರಿದ್ರೆ ಹೆಚ್ಚಿನ ಪ್ರಯೋಜನ ಇಲ್ಲ. ಒಪ್ಪಂದದ ಪ್ರತಿ ಸ್ವೀಡಿಷಲ್ಲಿದೆ, ಇಂಗ್ಲಿಷಲ್ಲಿ ಕೊಡಿ ಅಂದ್ರೆ ಎಚ್‌ಆರ್‌ನವ್ರು ಸಾಮಾನ್ಯವಾಗಿ ಕೊಡ್ತಾರೆ, ಕೇಳೋಕೆ ಸಂಕೋಚ ಬೇಡ.

ಇತಿ,
ನಿಮ್ಮ ಪತ್ರಿಕೆಯ ಹಳೇ ಓದುಗಾರ್ತಿ
ಸೊಲ್ಲೆಂಟೂನ, ಸ್ಟಾಕ್‌ಹೋಮ್